ಹಿಟ್ಟಣ್ಣನ ಬೆನ್ನು

ಎಲ್ಲಕ್ಕೂ ಮೂಲ ಮಗಳು ಬೆಳಿಗ್ಗೆ ಕೇಳಿದ ಒಂದು ಪ್ರಶ್ನೆ.

"ಅಪ್ಪಾ, ಅದರಲ್ಲಿ ಮಲಗಿದ್ರೆ ಹೇಗಿರುತ್ತೆ?"

ಬೂಟಿನ ದಾರ ಕಟ್ಟುತ್ತಿದ್ದ ಅಪ್ಪ ತಲೆ ಎತ್ತಿದ. ಮೂರನೇ ತರಗತಿಯ ಮಗಳು ನೋಟ್‌ಬುಕ್ಕು ತೆರೆದು, ಪೆನ್ಸಿಲ್ ಹಿಡಿದು, ಪತ್ರಿಕೆಯವರ ಗತ್ತಿನಲ್ಲಿ ಕೂತಿದ್ದಳು. ಮರುದಿನ ಅವಳು ಕ್ಲಾಸಿನ ಮುಂದೆ ನಿಂತು 'ನಮ್ಮಪ್ಪನ ಕೆಲಸ' ಎಂಬುದರ ಬಗ್ಗೆ ಮಾತಾಡಬೇಕಿತ್ತು. ಹೋದ ವಾರ ಬೆಂಕಿ ಆರಿಸುವವರ ಮಗ ಅಪ್ಪನ ಗಂಟೆಯನ್ನೇ ತಂದು ಬಾರಿಸಿ ಇಡೀ ಕ್ಲಾಸನ್ನು ಬುಟ್ಟಿಗೆ ಹಾಕಿಕೊಂಡಿದ್ದ. ಅವನನ್ನು ಮೀರಿಸಬೇಕೆಂದು ಇವಳಿಗೆ ಹಟ.

"ಯಾವುದರಲ್ಲಿ?"

"ನೀನು ಗಗನಯಾತ್ರಿಗೆ ಮಾಡ್ತೀಯಲ್ಲ, ಆ ಸೀಟಲ್ಲಿ."

"ನಾನೆಲ್ಲಿ ಮಲಗಿದೀನಿ ಪುಟ್ಟಿ? ಅದು ಅವರ ಬೆನ್ನಿಗೆ ಮಾಡೋದು."

"ಮಾಡೋನಿಗೇ ಗೊತ್ತಿಲ್ವಾ?" ಎಂದು ಮಗಳು ಪೆನ್ಸಿಲನ್ನು ಕೆಳಗಿಟ್ಟಳು.

ಅವಳು ಪೆನ್ಸಿಲ್ ಕೆಳಗಿಟ್ಟ ರೀತಿ ಅಪ್ಪನ ಎದೆಗೆ ನಾಟಿತು. "ಸಂಜೆ ಹೇಳ್ತೀನಿ ಬಿಡು" ಎಂದುಬಿಟ್ಟ. ಹೇಳಿದ ಮೇಲೆ ಮುಗಿಯಿತಲ್ಲ.

ಕೇಂದ್ರದಲ್ಲಿ ಅವನನ್ನು ಎಲ್ಲರೂ ಹಿಟ್ಟಣ್ಣ ಎನ್ನುತ್ತಿದ್ದರು. ಕೂದಲು, ಹುಬ್ಬು, ರೆಪ್ಪೆ ಎಲ್ಲದರ ಮೇಲೂ ಸದಾ ಪ್ಲಾಸ್ಟರ್ ಪುಡಿ ಕೂತಿರುತ್ತಿದ್ದುದರಿಂದ, ಈಗ ತಾನೇ ಹಿಟ್ಟಿನ ಗಿರಣಿಯಿಂದ ಎದ್ದು ಬಂದವನ ಹಾಗೆ ಕಾಣುತ್ತಿದ್ದ. ಮೊದಲು ಮೂಳೆ ಆಸ್ಪತ್ರೆಯಲ್ಲಿ ಮುರಿದ ಕೈಕಾಲಿಗೆ ಪ್ಲಾಸ್ಟರ್ ಕಟ್ಟುತ್ತಿದ್ದವನು. ಮನುಷ್ಯನನ್ನು ಆಕಾಶದಾಚೆಗೆ ಕಳಿಸುವ ಕೆಲಸ ಇನ್ನೂ ಹೊಸದಾಗಿದ್ದ ಕಾಲ ಅದು. ಮೇಲೆ ಹೋದವನಿಗೆ ನಿದ್ದೆ ಬರುತ್ತದೋ ಇಲ್ಲವೋ, ನೀರು ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಒಂದು ಮಾತನ್ನು ಡಾಕ್ಟರು ಖಚಿತವಾಗಿ ಹೇಳಿದ್ದರು. ರಾಕೆಟ್ಟು ಮೇಲೇಳುವಾಗ ಒಳಗಿರುವವನ ಭಾರ ಎಂಟು ಪಟ್ಟಾಗುತ್ತದೆ, ತನ್ನಂಥ ಏಳು ಜನ ತನ್ನ ಎದೆಯ ಮೇಲೆ ಕೂತ ಹಾಗೆ. ಆಗ ಬೆನ್ನ ಕೆಳಗೆ ಬೆರಳು ತೂರುವಷ್ಟು ಸಂದಿದ್ದರೂ ಬೆನ್ನುಮೂಳೆಯ ಕತೆ ಮುಗಿಯಿತು. ಅದಕ್ಕೇ ಸೀಟನ್ನು ಅವನೊಬ್ಬನ ಬೆನ್ನಿನ ಅಚ್ಚು ತೆಗೆದೇ ಮಾಡಬೇಕು. ಆ ಅಚ್ಚು ತೆಗೆಯುವವನೇ ನಮ್ಮ ಹಿಟ್ಟಣ್ಣ.

ಇಷ್ಟು ದೊಡ್ಡ ಕೆಲಸದವನು ದಿನಾ ಕೇಂದ್ರಕ್ಕೆ ಹೋಗುತ್ತಿದ್ದುದು ನಡೆದುಕೊಂಡು. ಬಸ್ಸು ಒಂದು ತಿರುವು ತಿರುಗಿದರೆ ಸಾಕು, ತಿಂದದ್ದೆಲ್ಲ ಗಂಟಲಿಗೆ ಬರುತ್ತಿತ್ತು. ಮಗಳನ್ನು ಉಯ್ಯಾಲೆಯಲ್ಲಿ ತೂಗುವಾಗಲೂ ಕಣ್ಣನ್ನು ಬೇರೆ ಕಡೆ ಇಟ್ಟುಕೊಳ್ಳುತ್ತಿದ್ದ.

ಆ ದಿನ ಬೆಳಿಗ್ಗೆ ಎಂಟಕ್ಕೆ ಗಗನಯಾತ್ರಿ ಬಂದರು. ಪಕ್ಕದ ಕಟ್ಟಡದಿಂದ ಬಂದರು. ಅಲ್ಲಿ ಒಂದು ಯಂತ್ರವಿತ್ತು. ಉದ್ದನೆಯ ಕಬ್ಬಿಣದ ತೋಳು, ಅದರ ತುದಿಗೊಂದು ಪಂಜರ. ಪಂಜರದೊಳಗೆ ಮನುಷ್ಯನನ್ನು ಕಟ್ಟಿ, ಎಂಟು ಪಟ್ಟು ಭಾರ ಬರುವ ತನಕ ಗರಗರ ತಿರುಗಿಸುತ್ತಿದ್ದರು. ಅದಕ್ಕೆ ಕಾಗದದಲ್ಲಿ ಏನೋ ದೊಡ್ಡ ಹೆಸರಿತ್ತು, ಕೆಲಸದವರ ಬಾಯಲ್ಲಿ ಅದು ಗಿರಗಿಟ್ಲೆ. ಅದರ ಸದ್ದು ಕೇಳಿದರೇ ತಲೆ ತಿರುಗುತ್ತದೆಂದು ಹಿಟ್ಟಣ್ಣ ಆ ಕಟ್ಟಡವನ್ನು ಬಳಸಿಕೊಂಡು ಓಡಾಡುತ್ತಿದ್ದ. ಅಲ್ಲಿಂದ ಬಂದ ಗಗನಯಾತ್ರಿಯ ಮುಖವೂ ಪ್ಲಾಸ್ಟರಿನ ಬಣ್ಣಕ್ಕೇ ತಿರುಗಿತ್ತು. ಒಂದು ಮಾತೂ ಆಡದೆ ಹಸಿ ಪ್ಲಾಸ್ಟರಿನ ತೊಟ್ಟಿಯಲ್ಲಿ ಇಪ್ಪತ್ತು ನಿಮಿಷ ಮಲಗಿ, ಎದ್ದು, ಕೈ ಮುಗಿದು ಹೋದರು. ಮಧ್ಯಾಹ್ನ ಮೂರಕ್ಕೆ ಮುಖ್ಯ ಎಂಜಿನಿಯರ್ ಮೇಡಂ ಅವರನ್ನು ಮತ್ತೆ ಕರೆತಂದು, ಒಣಗಿದ ಅಚ್ಚಿನಲ್ಲಿ ಮಲಗಿಸಿ ಪರೀಕ್ಷೆ ಮಾಡಬೇಕು. ಮೇಡಂ ಪರೀಕ್ಷೆ ಸರಳ. ಜೇಬಿನಿಂದ ಒಂದು ಪೋಸ್ಟ್ ಕಾರ್ಡ್ ತೆಗೆದು ಬೆನ್ನಿಗೂ ಅಚ್ಚಿಗೂ ನಡುವೆ ತೂರಿಸಲು ನೋಡುತ್ತಿದ್ದರು. ಎಲ್ಲಾದರೂ ತೂರಿತೋ, ಅಚ್ಚು ಕಸದ ಗುಂಡಿಗೆ, ಅಚ್ಚು ಮಾಡಿದವನು ಮನೆಗೆ.

ಒಂಬತ್ತೂವರೆಗೆ ಹಿಟ್ಟಣ್ಣ ಅಚ್ಚನ್ನು ಬೆರಳಿನಿಂದ ಒತ್ತಿ ನೋಡಿದ. ಗಟ್ಟಿಯಾಗಿತ್ತು. ಬಾಗಿಲ ಕಡೆ ನೋಡಿದ. ಯಾರೂ ಇಲ್ಲ. ಮಗಳು ಪೆನ್ಸಿಲ್ ಕೆಳಗಿಟ್ಟದ್ದು ನೆನಪಾಯಿತು. ಎರಡೇ ನಿಮಿಷ ಎಂದುಕೊಂಡು ಬೂಟು ಬಿಚ್ಚಿಟ್ಟು, ಮೆಲ್ಲಗೆ ಮಲಗಿದ.

ಆಹಾ, ಎಷ್ಟು ಹಾಯಾಗಿತ್ತು. ಬೆನ್ನಿಗೆ ಯಾರೋ ಅಂಗೈ ಕೊಟ್ಟ ಹಾಗೆ. ಇದನ್ನು ಮಗಳಿಗೆ ಯಾವ ಮಾತಿನಲ್ಲಿ ಹೇಳುವುದೆಂದು ಯೋಚಿಸುತ್ತಿದ್ದಾಗ ಕೆಳಗಿನಿಂದ 'ಪಚಕ್' ಎಂಬ ಸದ್ದು ಬಂತು.

ಆವತ್ತು ಹೊಸ ಮೂಟೆ ಬಿಚ್ಚಿದ್ದ. ಅದರ ಸ್ವಭಾವ ಗೊತ್ತಿರಲಿಲ್ಲ. ಮೇಲೆ ಕಲ್ಲಿನ ಹಾಗಿದ್ದದ್ದು ಒಳಗೆ ಇನ್ನೂ ಮೊಸರಾಗಿತ್ತು. ಹಿಟ್ಟಣ್ಣ ನಾಲ್ಕು ಬೆರಳು ಕೆಳಗಿಳಿದ. ಏಳಲು ನೋಡಿದ, ಆಗಲಿಲ್ಲ. ಕೈ ಊರಿದರೆ ಕೈಯೂ ಇಳಿಯಿತು. ಗಗನಯಾತ್ರಿಯ ಬೆನ್ನಿನ ಜಾಗದಲ್ಲಿ ತನ್ನ ಬೆನ್ನು ಮೂಡುತ್ತಿದೆ ಎಂಬುದು ಅರ್ಥವಾದಾಗ ಅವನಿಗೆ ಅಳುವೇ ಬಂತು.

ಸದ್ದು ಕೇಳಿ ಮೊದಲು ಬಂದವಳು ಉಗ್ರಾಣದಕ್ಕ. ಕೇಂದ್ರದ ಸಾಮಾನೆಲ್ಲ ಇರುವ ಉಗ್ರಾಣಕ್ಕೆ ಅವಳೇ ಒಡತಿ. ಅವಳ ಹಿಂದೆಯೇ ಗೇಟಿನ ಕಾವಲುಗಾರ ಬಂದ. ಮುಖಕ್ಕಿಂತ ಮೀಸೆಯೇ ಅಗಲವಾಗಿದ್ದುದರಿಂದ ಅವನು ಎಲ್ಲರಿಗೂ ಮೀಸೆ ಮಾವ.

"ಅಯ್ಯೋ ನಿನ್ನ, ಇಲ್ಲಿ ಬಂದು ಯಾಕೆ ಮಲಗಿದೀಯೋ?" ಎಂದಳು ಅಕ್ಕ.

"ಮಗಳು ಕೇಳಿದ್ಲು ಅಕ್ಕ."

"ಮಗಳು ಚಂದ್ರನ್ನ ಕೇಳಿದ್ರೆ ಅದನ್ನೂ ಕಿತ್ತು ತರ್ತಿದ್ಯೇನೋ. ಮಾವ, ನೀವು ಕೈ ಹಿಡೀರಿ, ನಾನು ಕಾಲು ಹಿಡೀತೀನಿ."

ಮೀಸೆ ಮಾವ ಅಂಗಿಯ ತೋಳು ಮಡಿಚಿದ. ರಾಕೆಟ್ ಹಾರಿಸುವ ಜಾಗದಲ್ಲಿ ಏಳು ವರ್ಷ ಕಾವಲಿದ್ದವನು, ಎಣಿಕೆಯೆಂದರೆ ಅವನಿಗೆ ಒಂದೇ ಗೊತ್ತು. "ಹತ್ತು, ಒಂಬತ್ತು, ಎಂಟು" ಎಂದು ಶುರು ಮಾಡಿದ. ಅಕ್ಕ ಉಗ್ರಾಣದವಳು, ಅವಳು "ಒಂದು, ಎರಡು, ಮೂರು" ಎಂದು ಎಳೆದೇಬಿಟ್ಟಳು. ಮಾವ ಇನ್ನೂ ಏಳರಲ್ಲಿದ್ದ. ಹಿಟ್ಟಣ್ಣ ಕಾಲ ಕಡೆಗೆ ಒಂದಿಷ್ಟು ಜಾರಿ, ಮಾವ ಸೊನ್ನೆಗೆ ಬಂದಾಗ ತಲೆ ಕಡೆಗೆ ಅಷ್ಟೇ ಜಾರಿ, ಮೊದಲಿದ್ದ ಜಾಗಕ್ಕೇ ಬಂದು ಕೂತ. ಹೀಗೆ ಮೂರು ಸಲ ಆಯಿತು. ನಾಲ್ಕನೇ ಸಲ ಇಬ್ಬರ ಎಣಿಕೆಯೂ ಅದೃಷ್ಟಕ್ಕೆ ಒಂದೇ ಕ್ಷಣಕ್ಕೆ ಮುಗಿದು, ಹಿಟ್ಟಣ್ಣ ಬಾಟಲಿಯ ಬಿರಡೆಯ ಹಾಗೆ ಹೊರಗೆ ಬಂದ. ಅಂಗಿಯ ಎರಡು ಗುಂಡಿ ಎಲ್ಲಿ ಹೋದವೋ ಕೊನೆಗೂ ಸಿಗಲಿಲ್ಲ.

ಮೂವರೂ ಬಗ್ಗಿ ಅಚ್ಚನ್ನು ನೋಡಿದರು. ಅಲ್ಲಿದ್ದದ್ದು ಹಿಟ್ಟಣ್ಣನ ಬೆನ್ನು, ಹಿಟ್ಟಣ್ಣನ ಸೊಂಟ. ಎಡಗಡೆ ಸೊಂಟದ ಹತ್ತಿರ ಅವನ ಬೀಗದ ಕೈ ಗೊಂಚಲು ಕೂಡ, ಒಂದೊಂದು ಹಲ್ಲೂ ಎಣಿಸಬಹುದಾದಷ್ಟು ಚೆನ್ನಾಗಿ ಮೂಡಿತ್ತು.

"ಹೊಸದಾಗಿ ಪ್ಲಾಸ್ಟರ್ ಕಲಸಿ ಸರಿ ಮಾಡ್ತೀನಿ" ಎಂದ ಹಿಟ್ಟಣ್ಣ. "ಅಕ್ಕ, ಅರ್ಧ ಮೂಟೆ ಪುಡಿ ಕೊಡು."

"ಚೀಟಿ ಎಲ್ಲಿ?"

"ಅಕ್ಕ, ಈಗ ತಾನೇ ನನ್ನ ಕಾಲು ಹಿಡಿದು ಎಳೆದವಳು ನೀನು."

"ಕಾಲಿಗೆ ಚೀಟಿ ಬೇಡ. ಪುಡಿಗೆ ಬೇಕು. ಮೇಡಂ ಸಹಿ ಹಾಕಿರಬೇಕು, ಕಾರಣ ಬರೆದಿರಬೇಕು."

"ಕಾರಣ ಏನಂತ ಬರೆಯೋದು?"

ಮೀಸೆ ಮಾವ ಗಂಭೀರವಾಗಿ ಯೋಚಿಸಿ, "ಬೆನ್ನು ಬದಲಾದ ಕಾರಣ ಅಂತ ಬರಿ" ಎಂದ.

ಅಷ್ಟರಲ್ಲಿ ಸುದ್ದಿ ತಿಳಿದು ದರ್ಜಿಯೂ ಬಂದ. ಗಗನಯಾತ್ರಿಯ ಉಡುಪು ಹೊಲಿಯುವವನು ಅವನು, ಅವರ ಅಳತೆಯೆಲ್ಲ ಅವನ ಪುಸ್ತಕದಲ್ಲಿತ್ತು. ಟೇಪು ಹಿಡಿದು ಅಚ್ಚಿನ ಹೆಗಲಿನ ಅಗಲ ನೋಡಿದ. ಹದಿನೇಳೂವರೆ ಇಂಚು. ಪುಸ್ತಕ ತೆಗೆದು ನೋಡಿದ. ಅಲ್ಲೂ ಹದಿನೇಳೂವರೆ. ಟೇಪನ್ನು ಜಾಡಿಸಿ ಸೊಂಟ ಅಳೆದ, ಅದೂ ಸರಿಯಾಗಿ ಬಂತು. "ಈ ಟೇಪು ಹಳೇದಾಗಿದೆ, ಎಳೆದುಕೊಂಡಿದೆ. ನಂಬೋ ಹಾಗಿಲ್ಲ" ಎಂದು ಬೇಸರದಿಂದ ಸುತ್ತಿ ಜೇಬಿಗೆ ಹಾಕಿಕೊಂಡ.

ಆಮೇಲೆ ಶುರುವಾಯಿತು ನೋಡಿ, ಗಗನಯಾತ್ರಿಯ ಬೆನ್ನು ಹೇಗಿದೆ ಎಂಬ ಚರ್ಚೆ. ನನ್ನ ಗೇಟಿನ ಕಂಬದ ಹಾಗೆ ನೆಟ್ಟಗಿದೆ ಎಂದು ಮಾವ. ಇಲ್ಲ, ಸೊಂಟದ ಹತ್ತಿರ ಒಳಗೆ ಬಗ್ಗಿದೆ ಎಂದು ಅಕ್ಕ. ಬಲಗಡೆ ಹೆಗಲು ಕಾಲಿಂಚು ಕೆಳಗೆ ಎಂದು ದರ್ಜಿ. ಚಹಾ ತರುವವನೂ ಒಂದು ಮಾತು ಸೇರಿಸಿ ಹೋದ. ಊಟದ ಹೊತ್ತಾದರೂ ಅದು ಮುಗಿಯದಿದ್ದಾಗ ಅಕ್ಕ, "ಪೇಪರಲ್ಲಿ ದಿನಾ ಫೋಟೋ ಬರುತ್ತಲ್ಲ, ನೋಡಿದ್ರೆ ಆಯ್ತು" ಎಂದು ಒಂದು ತಿಂಗಳ ಪತ್ರಿಕೆಗಳ ಕಟ್ಟು ತಂದು ಹರಡಿದಳು. ಮೂವತ್ತು ದಿನ, ಮೂವತ್ತು ಫೋಟೋ, ಎಲ್ಲದರಲ್ಲೂ ಮುಖ. ದೇಶವೇ ಮೆಚ್ಚಿದ ಆ ಮನುಷ್ಯನ ಬೆನ್ನನ್ನು ಒಬ್ಬನೇ ಒಬ್ಬ ಫೋಟೋದವನೂ ತೆಗೆದಿರಲಿಲ್ಲ.

"ಹಾಗಾದ್ರೆ ನಾನೇ ಹೋಗಿ ನೋಡ್ಕೊಂಡು ಬರ್ತೀನಿ" ಎಂದು ಹಿಟ್ಟಣ್ಣ ಎದ್ದ. ಬೆನ್ನಿನ ಹಿಂದೆ ಹಿಡಿದರೆ ಅದರ ಆಕಾರಕ್ಕೇ ಬಗ್ಗುವಂಥ ಒಂದು ಮೆತ್ತನೆಯ ತಂತಿಯನ್ನು ಅಂಗಿಯೊಳಗೆ ಇಟ್ಟುಕೊಂಡ.

ಗಗನಯಾತ್ರಿ ಹೊರಗೆ ಅಂಗಳದಲ್ಲಿ ನಿಧಾನವಾಗಿ ಅಡ್ಡಾಡುತ್ತಿದ್ದರು. ಹಿಟ್ಟಣ್ಣ ಬೆಕ್ಕಿನ ಹೆಜ್ಜೆ ಹಾಕುತ್ತ ಹಿಂದೆ ಹೋದ. ಅವರು ತಿರುಗಿ ನೋಡಿ ನಕ್ಕರು. ಇವನು ಸುತ್ತು ಹಾಕಿ ಮತ್ತೆ ಹಿಂದೆ ಬಂದ. ಅವರು ಮತ್ತೆ ತಿರುಗಿ, ಇನ್ನಷ್ಟು ಚೆನ್ನಾಗಿ ನಕ್ಕರು. ಪಾಪ, ಹಿಂದಿನಿಂದ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಕ್ಯಾಮೆರಾ ಬಂತೆಂದು ಮುಖ ತಿರುಗಿಸುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಐದನೇ ಸಲಕ್ಕೆ ಅವರೇ ಜೇಬಿನಿಂದ ತಮ್ಮ ಫೋಟೋ ತೆಗೆದು, 'ಧೈರ್ಯವಾಗಿರಿ' ಎಂದು ಬರೆದು, ಸಹಿ ಹಾಕಿ ಕೊಟ್ಟರು. ಅದೂ ಮುಖದ ಫೋಟೋವೇ.

ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದ ಡಾಕ್ಟರು ಹೊರಗೆ ಬಂದರು. ಹಿಟ್ಟಣ್ಣ ಅಂಗಿಯೊಳಗಿನ ತಂತಿ ಕಾಣದಿರಲೆಂದು ಬಗ್ಗಿ ನಿಂತಿದ್ದ.

"ಏನಯ್ಯ, ಬೆನ್ನು ನೋವಾ?"

ಇಲ್ಲವೆಂದರೆ ತಂತಿಯ ಕತೆ ಹೇಳಬೇಕು. "ಹೌದು ಸಾರ್" ಎಂದ. ಡಾಕ್ಟರು ಒಳಗೆ ಕರೆದುಕೊಂಡು ಹೋಗಿ, ಬೇಡ ಬೇಡವೆಂದರೂ ಎರಡು ಇಂಜೆಕ್ಷನ್ ಚುಚ್ಚಿ, ಬೆನ್ನಿಗೆಲ್ಲ ಉರಿಯುವ ಮುಲಾಮು ಬಳಿದು, ಒಂದು ಗಂಟೆ ಬೋರಲು ಮಲಗಿಸಿದರು. ಎದ್ದು ಓಡಿ ಬರುವ ಹೊತ್ತಿಗೆ ಗಂಟೆ ಮೂರಾಗಲು ಐದೇ ನಿಮಿಷವಿತ್ತು. ಅಚ್ಚು ಈಗ ನಿಜವಾಗಿಯೂ ಕಲ್ಲಾಗಿತ್ತು. ಯಾರೋ ಬೀಗದ ಕೈ ಗುರುತಿನ ಮೇಲೆ ಒಂದು ಕರ್ಚೀಫು ಹಾಸಿದ್ದರು, ಅದು ಮೀಸೆ ಮಾವನದು.

"ನೀನು ಬಾಯಿ ಬಿಡಬೇಡ. ಎಲ್ಲ ನಾವು ನೋಡ್ಕೋತೀವಿ" ಎಂದಳು ಅಕ್ಕ.

ಸರಿಯಾಗಿ ಮೂರಕ್ಕೆ ಮೇಡಂ ಬಂದರು. ದಪ್ಪ ಕನ್ನಡಕ, ಕುಳ್ಳಗಿನ ಹೆಂಗಸು, ಆದರೆ ಅವರು ಒಳಗೆ ಬಂದರೆ ಕೋಣೆ ಚಿಕ್ಕದಾಗುತ್ತಿತ್ತು. ಹಿಂದೆ ಗಗನಯಾತ್ರಿ. ಅವರು ಕರ್ಚೀಫನ್ನು ಪಕ್ಕಕ್ಕಿಟ್ಟು ಅಚ್ಚಿನಲ್ಲಿ ಮಲಗಿದರು.

ಗಗನಯಾತ್ರಿ ಒಮ್ಮೆ ಹೊರಳಿದರು. "ಎಡಗಡೆ ಏನೋ ಸ್ವಲ್ಪ ಟೊಳ್ಳು ಅನ್ನಿಸುತ್ತೆ" ಎಂದರು.

"ಅದು ಗಾಳಿಯಾಡಕ್ಕೆ ಬಿಟ್ಟಿರೋದು ಸಾರ್" ಎಂದಳು ಅಕ್ಕ ತಟ್ಟನೆ.

"ಓ" ಎಂದು ಅವರು ಕಣ್ಣು ಮುಚ್ಚಿದರು. ಮುಖದ ಮೇಲಿನ ಬಿಗಿಯೆಲ್ಲ ಸಡಿಲವಾಯಿತು. ಅರ್ಧ ನಿಮಿಷದಲ್ಲಿ ಸಣ್ಣಗೆ ಗೊರಕೆ ಕೇಳಿಸಿತು.

ಮೇಡಂ ಮುಖದಲ್ಲಿ ಈವರೆಗೆ ಯಾರೂ ಕಂಡಿರದ ನಗು ಮೂಡಿತು. "ಹತ್ತು ದಿನದಿಂದ ಇವರಿಗೆ ನಿದ್ದೆ ಇಲ್ಲ. ಇಷ್ಟು ಚೆನ್ನಾಗಿ ಕೂತ ಮೇಲೆ ಇನ್ನೇನು ನೋಡೋದು" ಎಂದು, ಪೋಸ್ಟ್ ಕಾರ್ಡನ್ನು ಜೇಬಿನಲ್ಲೇ ಬಿಟ್ಟು, ಪೆನ್ನು ತೆಗೆದರು. ಸಹಿ ಬಿದ್ದರೆ ಇದೇ ಅಚ್ಚು ಸೀಟಾಗುತ್ತದೆ, ಸೀಟು ಮುಂದಿನ ವಾರ ಹಾರುತ್ತದೆ. ಅಕ್ಕ ಕಣ್ಣು ಮಿಟುಕಿಸಿದಳು. ಮೀಸೆ ಮಾವ ಮೀಸೆ ತಿರುವಿದ. ದರ್ಜಿ ಹೆಬ್ಬೆರಳು ತೋರಿಸಿದ.

ಸುಮ್ಮನಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಕೆಲಸ ಉಳಿಯುತ್ತಿತ್ತು, ಮಗಳು ನಾಳೆ ಹೆಮ್ಮೆಯಿಂದ ಮಾತಾಡುತ್ತಿದ್ದಳು. ಆದರೆ ಹಿಟ್ಟಣ್ಣ ಮಲಗಿದ್ದವರ ಮುಖ ನೋಡಿದ. ಮಗುವಿನ ಹಾಗೆ ಬಾಯಿ ತೆರೆದು ಮಲಗಿದ್ದರು. ಆ ಎದೆಯ ಮೇಲೆ ಏಳು ಜನ ಕೂತ ಹಾಗೆ ಕಾಣಿಸಿತು, ಕೆಳಗೆಲ್ಲೋ ಬೆರಳಷ್ಟು ಸಂದು ಕಾಣಿಸಿತು.

"ಮೇಡಂ, ಸಹಿ ಹಾಕಬೇಡಿ" ಎಂದ. "ಅದು ಅವರ ಬೆನ್ನಲ್ಲ. ನನ್ನದು."

ಅಕ್ಕ ಹಣೆ ಚಚ್ಚಿಕೊಂಡಳು. ಹಿಟ್ಟಣ್ಣ ಮಗಳ ಪೆನ್ಸಿಲಿನಿಂದ ಹಿಡಿದು ಬೀಗದ ಕೈ ತನಕ ಒಂದನ್ನೂ ಬಿಡದೆ ಹೇಳಿದ. ಮೇಡಂ ಪೆನ್ನು ಮುಚ್ಚಿದರು. ಪೋಸ್ಟ್ ಕಾರ್ಡ್ ತೆಗೆದರು. ಹೆಗಲ ಕೆಳಗೆ ತೂರಿಸಿ ನೋಡಿದರು, ಹೋಗಲಿಲ್ಲ. ಸೊಂಟದ ಹತ್ತಿರ, ಹೋಗಲಿಲ್ಲ. ತೊಡೆಯ ಕೆಳಗೆ, ಕುತ್ತಿಗೆಯ ಕೆಳಗೆ, ಎಂಬತ್ತು ಜಾಗದಲ್ಲಿ ನೋಡಿದರು. ಕಾರ್ಡಿನ ಮೂಲೆಗಳು ಮಡಿಚಿಹೋದವು, ಬೀಗದ ಕೈ ಜಾಗ ಬಿಟ್ಟರೆ ಎಲ್ಲೂ ಒಳಗೆ ಹೋಗಲಿಲ್ಲ.

"ಅದಕ್ಕೇ ಟೇಪಲ್ಲಿ ಹಾಗೆ ಬಂತು" ಎಂದು ದರ್ಜಿ ಗೊಣಗಿದ.

"ತಿರುಗಿ ನಿಲ್ಲು" ಎಂದರು ಮೇಡಂ.

ಹಿಟ್ಟಣ್ಣ ಗೋಡೆಗೆ ಮುಖ ಮಾಡಿ ನಿಂತ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದೆಂದು ಆಗಲೇ ಮಾತು ಜೋಡಿಸುತ್ತಿದ್ದ. ಹಿಂದಿನಿಂದ ಮೇಡಂ ದನಿ ಕೇಳಿಸಿತು. ಅದರಲ್ಲಿ ಸಿಟ್ಟಿರಲಿಲ್ಲ.

"ಮೂರು ತಿಂಗಳಿಂದ ಹುಡುಕ್ತಿದೀನಿ ಕಣಯ್ಯ. ನೂರಾ ನಲವತ್ತು ಜನರ ಬೆನ್ನು ಅಳೆಸಿದೀನಿ. ಇವರ ಹಾಗೇ ಇರೋ ಬೆನ್ನು ಒಂದೇ ಒಂದು ಬೇಕಾಗಿತ್ತು. ಅದು ಇಲ್ಲೇ ನನ್ನ ಪ್ಲಾಸ್ಟರ್ ಕಲಸ್ತಾ ಇತ್ತು."

ಹಿಟ್ಟಣ್ಣನಿಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. "ಕೆಲಸ ಹೋಗಲ್ವಾ ಮೇಡಂ?"

"ಹೋಗೋದಾ? ನಿಜ ಹೇಳಿದೀಯಲ್ಲ, ನಿನ್ನಂಥವನನ್ನ ಬಿಡ್ತೀನಾ? ಏನು ಬೇಕು ಕೇಳು."

ಸಂತೋಷದಲ್ಲಿ ಮನುಷ್ಯ ಯೋಚನೆ ಮಾಡುವುದಿಲ್ಲ. "ನನ್ನ ಮಗಳು ಒಂದ್ಸಲ ಈ ಸೀಟು ನೋಡಬೇಕು ಮೇಡಂ. ಅಷ್ಟೇ."

"ಅವಳೊಬ್ಬಳೇ ಯಾಕೆ, ಇಡೀ ಕ್ಲಾಸೇ ಬರಲಿ. ಭಾಷಣನೂ ಇಲ್ಲೇ ಮಾಡಲಿ. ನಾಳೆ ಹತ್ತು ಗಂಟೆಗೆ ಅಂತ ಶಾಲೆಗೆ ಈಗಲೇ ಫೋನ್ ಮಾಡಿಸ್ತೀನಿ." ಮೇಡಂ ಪೋಸ್ಟ್ ಕಾರ್ಡಿನ ಮೂಲೆಗಳನ್ನು ನೀವುತ್ತ ಹೇಳಿದರು, "ಬೀಗದ ಕೈ ಗುರುತನ್ನ ಇವತ್ತೇ ಮುಚ್ಚಿಡು, ನೀನು ಮಾತ್ರ ನಾಳೆ ಎಂಟಕ್ಕೇ ಬಂದುಬಿಡು. ಸೀಟು ಎಂಟು ಪಟ್ಟು ಭಾರ ತಡೆಯುತ್ತೋ ಇಲ್ವೋ ನೋಡಬೇಕು. ಹಾರೋಕೆ ಒಂದು ವಾರ ಇರೋವಾಗ ಇವರನ್ನ ಸುಸ್ತು ಮಾಡೋ ಹಾಗಿಲ್ಲ. ಇವರಂಥದೇ ಬೆನ್ನಿರೋ ಇನ್ನೊಬ್ಬ ಬೇಕಿತ್ತು, ಸಿಕ್ಕಿದೀಯ. ಹದಿನೇಳು ಸಲ ತಿರುಗಿದ್ರೆ ಸಾಕು."

"ತಿರುಗೋದು ಅಂದ್ರೆ ಮೇಡಂ?"

"ಪಕ್ಕದ ಕಟ್ಟಡದಲ್ಲಿ."

ಆಗ ಅಚ್ಚಿನಿಂದ ಗೊರಕೆ ನಿಂತಿತು. ಗಗನಯಾತ್ರಿ ಎದ್ದು ಕೂತು, "ನನ್ನ ಬದಲು ಇವರಾ? ಹದಿನೇಳೂ ಇವರೇನಾ?" ಎಂದು ಕೇಳಿದರು. ಮೇಡಂ ತಲೆಯಾಡಿಸಿದರು. ಆಕಾಶಕ್ಕೆ ಹೆದರದ ಆ ಮನುಷ್ಯ ಓಡಿಬಂದು, ಹಿಟ್ಟಣ್ಣನ ಎರಡೂ ಕೈ ಹಿಡಿದು, ಜೈಲಿನಿಂದ ಬಿಡುಗಡೆಯಾದವರ ಹಾಗೆ ಕುಲುಕಿದರು. ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಹೇಳಿದರು, "ಬೆಳಿಗ್ಗೆ ಏನೂ ತಿನ್ನಬೇಡಿ. ನನ್ನ ಮಾತು ಕೇಳಿ, ಇವತ್ತು ಸಂಜೆಯಿಂದಲೇ ತಿನ್ನಬೇಡಿ."

ಸಂಜೆ ಹಿಟ್ಟಣ್ಣ ಮನೆ ಸೇರಿದಾಗ ಮಗಳು ನೋಟ್‌ಬುಕ್ಕು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಅಪ್ಪ ಕೊಟ್ಟ ಸಹಿಯ ಫೋಟೋ ನೋಡಿ 'ಧೈರ್ಯವಾಗಿರಿ' ಎಂದು ಜೋರಾಗಿ ಓದಿದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡಳು.

"ಈಗ ಹೇಳು. ಮಲಗಿದ್ರೆ ಹೇಗಿರುತ್ತೆ?"

"ತುಂಬ ಹಾಯಾಗಿರುತ್ತೆ ಪುಟ್ಟಿ. ಬೆನ್ನಿಗೆ ಯಾರೋ ಅಂಗೈ ಕೊಟ್ಟ ಹಾಗೆ."

ಮಗಳು ಅದನ್ನು ಅಕ್ಷರ ಬಿಡದೆ ಬರೆದುಕೊಂಡಳು. "ಮೇಡಂ ಶಾಲೆಗೆ ಫೋನ್ ಮಾಡಿದ್ರಂತೆ. ನಾಳೆ ನಲವತ್ತೆರಡು ಜನಾನೂ ಬರ್ತೀವಿ. ನಿನ್ನ ಸೀಟನ್ನ ಗಿರಗಿಟ್ಲೆ ಥರ ತಿರುಗಿಸೋದನ್ನ ಗಾಜಿನ ಕಿಟಕಿಯಿಂದ ತೋರಿಸ್ತಾರಂತೆ. ಬೆಂಕಿ ಆರಿಸೋರ ಮಗ ಗಂಟೆ ತರ್ತಾನೆ. ಒಂದೊಂದು ಸುತ್ತಿಗೂ ಬಾರಿಸ್ತಾನಂತೆ." ಪೆನ್ಸಿಲಿನ ತುದಿ ಕಚ್ಚುತ್ತ ಸ್ವಲ್ಪ ಯೋಚಿಸಿ, "ಅಪ್ಪಾ, ಅದರೊಳಗೆ ಯಾರೋ ಒಬ್ಬರು ಕೂತಿರ್ತಾರಂತಲ್ಲ, ಅವರಿಗೆ ಹೇಗಿರುತ್ತೆ?" ಎಂದು ಕೇಳಿದಳು.

ಒಳಗಿನಿಂದ ಹೆಂಡತಿ ಕರೆದಳು. "ರೀ, ತಟ್ಟೆ ಹಾಕಿದೀನಿ, ಬನ್ನಿ."

"ನನಗೆ ಬೇಡ" ಎಂದ ಹಿಟ್ಟಣ್ಣ, ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತು, ಅದರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು. "ನಾಡಿದ್ದು ತಿಂತೀನಿ."